ಬೈದು ಮಾಡಿದ ಪರೀಕ್ಷೆ

ವೃತ್ತಿಯಲ್ಲಿ ನಾನು ಬರೆದ ವರದಿಗಳಿಗೆ ಲೆಕ್ಕವಿಲ್ಲ. ಸಹಿ ಬಿದ್ದ ಮೇಲೆ ನನ್ನ ಕೈಯಾರೆ ಹರಿದು ಹಾಕಿದ್ದು ಮಾತ್ರ ಒಂದೇ ಒಂದು. ಅದನ್ನು ಹರಿದದ್ದು ತರೀಕೆರೆಯ ಆಸ್ಪತ್ರೆಯಲ್ಲಿ, ನಾನಿನ್ನೂ ಇಂಟರ್ನ್ ಆಗಿದ್ದಾಗ. ಜಂಬ ಕೊಚ್ಚಿಕೊಳ್ಳುತ್ತಿದ್ದಾಳೆ ಅಂತ ನಿಮಗೆ ಅನ್ನಿಸಿದರೆ ಅನ್ನಿಸಲಿ. ಕೊಚ್ಚಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆ ಕಡೂರಿನಲ್ಲಿ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿಕೊಂಡು ನಾನು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಸೈಕಾಲಜಿ ತರಬೇತಿಗೆ ಸೇರಿದ್ದೆ. ಎರಡು ವರ್ಷದ ತರಬೇತಿ. ಅದೇನೆಂದು ಕಡೂರಿನ ನಮ್ಮ ಬೀದಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬರುತ್ತಿತ್ತು.

"ಡಾಕ್ಟ್ರಾಗ್ತೀಯೇನವ್ವಾ?"

"ಇಲ್ಲ."

"ನರ್ಸಮ್ಮನಾ?"

"ಅಲ್ಲ."

"ಮತ್ತೆ ಅಲ್ಲೇನ್ ಮಾಡ್ತೀಯೇ?"

"ಪೇಷಂಟುಗಳ ಜೊತೆ ಮಾತಾಡ್ತೀನಿ. ಪರೀಕ್ಷೆ ಮಾಡ್ತೀನಿ."

"ಮಾತಾಡೋಕೆ ಬೆಂಗ್ಳೂರ್ಗಂಟ ಹೋಗ್ಬೇಕಿತ್ತಾ? ಇಲ್ಲೇ ಕಟ್ಟೆ ಮೇಲೆ ಕೂತ್ಕೊಂಡಿದ್ರೆ ಆಗ್ತಿತ್ತು!"

ನನಗೋ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಧಡಾರನೆ ಬಾಗಿಲು ಹಾಕಿಕೊಂಡು ಒಳಗೆ ಹೋಗುತ್ತಿದ್ದೆ. ಆದರೆ ತರಬೇತಿಯಲ್ಲಿ ಆ ಕೋಪವನ್ನೆಲ್ಲ ಮಡಚಿ ಇಟ್ಟುಕೊಳ್ಳಬೇಕಿತ್ತು. ಬೆಳಗ್ಗೆ ಎಂಟಕ್ಕೆ ವಾರ್ಡು. ಒಬ್ಬೊಬ್ಬ ರೋಗಿಯ ಹತ್ತಿರವೂ ಎರಡು ಮೂರು ಗಂಟೆ ಕೂತು ಅವರ ಹುಟ್ಟಿನಿಂದ ಹಿಡಿದು ಆವತ್ತಿನವರೆಗಿನ ಕಥೆಯನ್ನು ಬರೆದುಕೊಳ್ಳಬೇಕು. ಮಧ್ಯಾಹ್ನ ಅದನ್ನು ನಮ್ಮ ಮೇಡಂ ಮುಂದೆ ಓದಬೇಕು. ಮೇಡಂ ಮೈಸೂರಿನವರು, ಸದಾ ಗಂಜಿ ಹಾಕಿದ ಹತ್ತಿ ಸೀರೆ, ಕೈಯಲ್ಲಿ ಕೆಂಪು ಪೆನ್ಸಿಲ್. ನಮ್ಮಲ್ಲಿ ಯಾರನ್ನೂ ಅವರು ಏಕವಚನದಲ್ಲಿ ಕರೆದದ್ದಿಲ್ಲ. ಆದರೆ ಅವರ ಆ 'ನೀವು' ಕೇಳಿದರೇ ಕೈಕಾಲು ತಣ್ಣಗಾಗುತ್ತಿದ್ದವು.

"ತಂದೆ ನಿಷ್ಠುರ ಸ್ವಭಾವದವರು ಅಂತ ಬರೆದಿದ್ದೀರಿ. ಇದು ನೀವು ನೋಡಿದ್ದಾ, ಅಂದುಕೊಂಡದ್ದಾ?"

"ಅಂದುಕೊಂಡದ್ದು, ಮೇಡಂ."

ಕೆಂಪು ಪೆನ್ಸಿಲ್ ಹಾಳೆಯ ಈ ಮೂಲೆಯಿಂದ ಆ ಮೂಲೆಗೆ ಹೋಗುತ್ತಿತ್ತು. ಮೊದಲ ವರ್ಷ ನನ್ನ ಒಂದೊಂದು ವರದಿಯೂ ಮೂರು ನಾಲ್ಕು ಸಲ ವಾಪಸ್ಸಾಯಿತು. ಹಾಸ್ಟೆಲಿನ ಬಚ್ಚಲಿಗೆ ಹೋಗಿ ಅತ್ತದ್ದೂ ಉಂಟು. ಎರಡನೆಯ ವರ್ಷದ ನಡುವಿನ ಹೊತ್ತಿಗೆ ಕೈ ಕುದುರಿತು. ಒಂದಷ್ಟು ತಿಂಗಳು ನನ್ನ ಒಂದು ವರದಿಯೂ ವಾಪಸ್ ಬರಲಿಲ್ಲ. ನಮ್ಮ ತಂಡದಲ್ಲಿ ಹಾಗೆ ಹೇಳಿಕೊಳ್ಳಬಲ್ಲವಳು ನಾನೊಬ್ಬಳೇ. ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ ಅನ್ನಿ.

ಆ ಹೊತ್ತಿಗೆ ಸರಿಯಾಗಿ ತರೀಕೆರೆ ಶಿಬಿರದ ಸರದಿ ಬಂತು. ತಿಂಗಳಿಗೊಮ್ಮೆ ಮೂರು ದಿನ ನಮ್ಮ ಆಸ್ಪತ್ರೆಯ ವ್ಯಾನು ಅಲ್ಲಿಗೆ ಹೋಗುತ್ತಿತ್ತು. ತಾಲ್ಲೂಕು ಆಸ್ಪತ್ರೆಯ ಹಿಂಭಾಗದ ಡ್ರೆಸಿಂಗ್ ಕೋಣೆಯನ್ನು ನಮಗೆ ಬಿಟ್ಟುಕೊಡುತ್ತಿದ್ದರು. ಡಾಕ್ಟರು, ಮೇಡಂ, ಜೊತೆಗೆ ಒಬ್ಬ ಇಂಟರ್ನ್. ಮೇಡಂ ನನ್ನನ್ನೇ ಆರಿಸಿದರು. "ನಿಮ್ಮ ಸೀಮೆ ಅಲ್ಲವಾ? ಜನರ ಮಾತು, ರೀತಿ ನಿಮಗೆ ಗೊತ್ತಿರುತ್ತೆ" ಎಂದರು. ಗೊತ್ತಿಲ್ಲದೆ ಏನು, ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ನಡೆದಾಡಿದವಳು ನಾನು, ಅಜ್ಜಂಪುರದಲ್ಲಿ ನಮ್ಮ ಸೋದರತ್ತೆಯ ಮನೆಯಿದೆ, ಎಂದೆಲ್ಲ ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದ್ದು. ಬೀರೂರು ದಾಟುವಷ್ಟರಲ್ಲಿ ಡಾಕ್ಟರು ನಿದ್ದೆ ಹೋಗಿದ್ದರು. ಅವರೆಲ್ಲ ತರೀಕೆರೆಯ ಪ್ರವಾಸಿ ಬಂಗಲೆಯಲ್ಲಿ ಉಳಿದುಕೊಂಡರೆ ನಾನು ಅಪ್ಪಣೆ ಪಡೆದು ಸಂಜೆ ಬಸ್ಸಿಗೆ ಕಡೂರಿಗೆ ಹೋಗಿ ಬೆಳಗ್ಗೆ ಬರುವುದೆಂದು ತೀರ್ಮಾನವಾಯಿತು.

ಶಿಬಿರದ ಮೊದಲ ದಿನವೇ ಆ ತಾಯಿ ಮಗಳು ಬಂದರು. ಅಜ್ಜಂಪುರದ ಕಡೆಯ ಒಂದು ಹಳ್ಳಿಯವರು. ಮಗಳಿಗೆ ಎಂಟು ತುಂಬಿ ಒಂಬತ್ತು. ತಾಯಿ ಉಟ್ಟಿದ್ದ ಸೀರೆ ಮಡಿಕೆ ಬಿಚ್ಚಿದ ಹೊಸದು, ಮಗಳ ಮೈಮೇಲೆ ಮಾತ್ರ ತೇಪೆ ಹಾಕಿದ ಹಳೆಯ ಲಂಗ, ಕೆನ್ನೆಯ ಮೇಲೆ ನಾಲ್ಕಾಣೆಯಗಲದ ಕಪ್ಪು ಬೊಟ್ಟು. ಕೈಯಲ್ಲಿ ಊರಿನ ಶಾಲೆಯ ಹೆಡ್ಮಾಸ್ಟರ ಪತ್ರ. ಹುಡುಗಿ ಮೂರನೇ ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ, ಕೇಳಿದ್ದಕ್ಕೆ ಉತ್ತರವಿಲ್ಲ, ಬುದ್ಧಿ ಬೆಳೆದಿಲ್ಲವೆಂದು ಕಾಣುತ್ತದೆ. ತಾವು ಪರೀಕ್ಷಿಸಿ ಬರೆದುಕೊಟ್ಟರೆ ದೂರದ ಊರಿನಲ್ಲಿರುವ ಬುದ್ಧಿಮಾಂದ್ಯ ಮಕ್ಕಳ ವಸತಿ ಶಾಲೆಗೆ ಸೇರಿಸುವ ವ್ಯವಸ್ಥೆ ಮಾಡುತ್ತೇವೆ ಎಂದು ಬರೆದಿದ್ದರು. ಕೆಟ್ಟ ಮನುಷ್ಯರ ಪತ್ರವಲ್ಲ ಅದು. ಅಕ್ಷರ ದುಂಡಗಿತ್ತು, ಕಾಳಜಿಯೂ ಇತ್ತು. ಅಂದರೆ ನಾನು ಬರೆಯುವ ಒಂದು ಹಾಳೆಯ ಮೇಲೆ ಆ ಹುಡುಗಿ ಮನೆಯಲ್ಲಿರುತ್ತಾಳೋ, ತಾಯಿಯನ್ನು ಬಿಟ್ಟು ಗುರುತು ಪರಿಚಯವಿಲ್ಲದ ಊರಿಗೆ ಹೋಗುತ್ತಾಳೋ ಎನ್ನುವುದು ನಿಂತಿತ್ತು.

ಮೊದಲು ತಾಯಿಯನ್ನು ಕೇಳಬೇಕು. ಮಗು ಏನೇನು ಮಾಡಬಲ್ಲದು ಎನ್ನುವ ಉದ್ದನೆಯ ಪಟ್ಟಿಯಿತ್ತು.

"ಊಟ ತಾನೇ ಮಾಡ್ತಾಳಾ?"

"ಎಲ್ ಮಾಡ್ತಾಳೆ ಅಮ್ಮಾವ್ರೆ, ನಾನೇ ತಿನ್ನಿಸ್ಬೇಕು."

"ಬಟ್ಟೆ ಹಾಕ್ಕೊಳ್ಳೋದು?"

"ಅದೂ ಬರಲ್ಲ. ಗುಂಡಿ ಹಾಕೋಕೂ ಬರಲ್ಲ."

"ಅಂಗಡಿಗೆ ಕಳಿಸಿದ್ರೆ ಸಾಮಾನು ತರ್ತಾಳಾ?"

"ಅಯ್ಯೋ, ದಾರೀಲೇ ಮರ್ತ್ಬಿಡ್ತಾಳೆ. ಪೆದ್ದು ಕಣ್ರಮ್ಮಾ. ಏನೂ ಬರಲ್ಲ ಇದಕ್ಕೆ. ಉಣ್ಣಾಕೆ ದಂಡ, ಭೂಮಿಗೆ ಭಾರ."

ತಾಯಂದಿರು ಮಕ್ಕಳ ಬಗ್ಗೆ ಇದ್ದದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ, ಅದರಲ್ಲಿ ಸ್ವಲ್ಪ ಕಳೆದು ಬರೆದುಕೊಳ್ಳಿ ಎಂದು ನಮಗೆ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನೂ ಮೇಡಂ ಹೇಳಿದ್ದರು. ಹಾಗಾದರೆ ಹೆತ್ತ ತಾಯಿಯೇ ಬರಲ್ಲ ಬರಲ್ಲ ಎನ್ನುವಾಗ ಅನುಮಾನಕ್ಕೆ ಎಡೆ ಎಲ್ಲಿ? ಪಟ್ಟಿಯುದ್ದಕ್ಕೂ 'ಇಲ್ಲ' 'ಇಲ್ಲ' ಎಂದು ಬರೆಯುತ್ತ ಹೋದೆ. ಅವಳ ಗುಂಡಿಯ ಮಾತು ನಡೆಯುತ್ತಿದ್ದಾಗ ಹುಡುಗಿಯ ಒಂದು ಜಡೆಯ ಟೇಪು ಬಿಚ್ಚಿಹೋಯಿತು. ಅವಳು ಕೈ ಹಿಂದೆ ಹಾಕಿ, ನೋಡದೆಯೇ, ಎರಡು ಕಿವಿ ಬಿಟ್ಟು ಹೂವಿನ ಹಾಗೆ ಕಟ್ಟಿಕೊಂಡಳು. ಅದನ್ನು ನಾನು ನೋಡಿದೆ. ಪಟ್ಟಿಯಲ್ಲಿ ಟೇಪಿನ ವಿಷಯ ಇರಲಿಲ್ಲ, ಬರೆಯಲಿಲ್ಲ.

ಆಮೇಲೆ ಪರೀಕ್ಷೆ. ಮರದ ಹಲಗೆಯೊಂದರಲ್ಲಿ ಗುಂಡಗೆ, ಚೌಕ, ನಕ್ಷತ್ರ, ಹೀಗೆ ಹತ್ತು ಆಕಾರದ ಗುಣಿಗಳು. ಆಯಾ ಆಕಾರದ ಬಿಲ್ಲೆಯನ್ನು ಆಯಾ ಗುಣಿಯಲ್ಲಿ ಕೂರಿಸಬೇಕು. ನಾನು ಸ್ಟಾಪ್‌ವಾಚ್ ಒತ್ತಿದೆ. ಹುಡುಗಿ ಗುಂಡಗಿನದನ್ನು ಕೂರಿಸಿದಳು, ಚೌಕ ಕೂರಿಸಿದಳು, ನಕ್ಷತ್ರ ಕೂರಿಸಿದಳು, ಟಕ ಟಕ ಟಕ. ಮಗುವಿಗೆ ಧೈರ್ಯ ಬರುವಂತೆ ಹುರಿದುಂಬಿಸಬೇಕು ಎಂದು ಪುಸ್ತಕದಲ್ಲಿತ್ತಲ್ಲ, ನಾನು ಚಪ್ಪಾಳೆ ತಟ್ಟಿ, "ಅಬ್ಬಬ್ಬಾ! ಎಷ್ಟು ಜಾಣೆ ನೀನು!" ಎಂದೆ.

ಬೆಂಚಿನ ಮೇಲೆ ಕೂತಿದ್ದ ತಾಯಿ ಚೇಳು ಕಡಿದ ಹಾಗೆ ಎದ್ದು ಬಂದಳು. "ಥೂ ಥೂ ಥೂ" ಎಂದು ಮೂರು ಸಲ ಉಗಿದಳು. ಮಗಳ ಅಂಗಾಲಿನ ಧೂಳನ್ನು ಬೆರಳಲ್ಲಿ ತೆಗೆದು ಅವಳ ಹಣೆಗೆ ಸವರಿದಳು. "ಇದು ಜಾಣೆ ಅಲ್ಲ ಅಮ್ಮಾವ್ರೆ, ಹಂಗನ್ಬ್ಯಾಡಿ" ಎಂದು ಮತ್ತೆ ಹೋಗಿ ಕೂತಳು. ನನಗೆ ಸಿಟ್ಟು ನೆತ್ತಿಗೇರಿತು. ಪರೀಕ್ಷೆಯ ನಡುವೆ ಯಾರೂ ಬರಬಾರದು ಎಂದು ಎರಡು ಸಲ ಹೇಳಿದ್ದೆ! ಹಾಳೆಯ ಅಂಚಿನಲ್ಲಿ 'ತಾಯಿ ಮೂಢನಂಬಿಕೆಯವರು, ಅಡ್ಡಿಪಡಿಸುತ್ತಾರೆ' ಎಂದು ಒತ್ತಿ ಬರೆದೆ.

ಅಲ್ಲಿಂದ ಮುಂದೆ ಹುಡುಗಿ ಒಂದೂ ಸರಿಯಾಗಿ ಮಾಡಲಿಲ್ಲ. ನಾನು ಹೊಗಳಿದಷ್ಟೂ ಕೆಟ್ಟಳು. ಬಿಲ್ಲೆಗಳನ್ನು ತೆಗೆದು ಮತ್ತೆ ಮೊದಲಿನಿಂದ ಕೊಟ್ಟರೆ ಗುಂಡಗಿನ ಬಿಲ್ಲೆಯನ್ನು ಚೌಕದ ಗುಣಿಯ ಮೇಲಿಟ್ಟಳು. ಅಂಕಿಗಳನ್ನು ಹೇಳಿಸಿದರೆ ತಪ್ಪು, ಚಿತ್ರ ತೋರಿಸಿದರೆ ತಪ್ಪು. ಕೈಯಲ್ಲಿ ಎಷ್ಟು ಬೆರಳು ಎಂದರೆ ಆರು ಎಂದಳು. ಮೊದಲ ಮೂರು ಬಿಲ್ಲೆ ಸರಿ ಬಿದ್ದದ್ದು ಅದೃಷ್ಟ ಎಂದು ನಾನು ತೀರ್ಮಾನಿಸಿದೆ. ತಾಯಿಯ ಮಾತು, ಮೇಷ್ಟರ ಪತ್ರ, ಪರೀಕ್ಷೆಯ ಅಂಕ, ಮೂರೂ ಒಂದನ್ನೇ ಹೇಳುತ್ತಿದ್ದವು. 'ಬುದ್ಧಿಮಾಂದ್ಯ, ಮಧ್ಯಮ ಪ್ರಮಾಣ' ಎಂದು ವರದಿ ಬರೆದೆ. ಮೇಡಂ ಓದಿ, ಎರಡು ಪ್ರಶ್ನೆ ಕೇಳಿ ಸಹಿ ಹಾಕಿದರು. ಕೆಂಪು ಪೆನ್ಸಿಲ್ ಚೀಲದಿಂದ ಹೊರಗೇ ಬರಲಿಲ್ಲ. ತರೀಕೆರೆಯಲ್ಲಿ ನೆಂಟರ ಮನೆಯಲ್ಲಿ ಉಳಿದುಕೊಂಡು ನಾಳೆ ಬಂದು ಕಾಗದ ತೆಗೆದುಕೊಂಡು ಹೋಗಲು ತಾಯಿಗೆ ಹೇಳಿ ಕಳಿಸಿದೆವು.

ಸಂಜೆ ಕಡೂರಿಗೆ ಬಂದಾಗ ನಮ್ಮ ಜಗಲಿಯ ಮೇಲೆ ಎದುರು ಮನೆಯಾಕೆ ಅವ್ವನ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದೆ, ಮಾತು ಕೇಳಿಸುತ್ತಿತ್ತು.

"ಮಗಳು ಸರ್ಕಾರಿ ವ್ಯಾನಲ್ಲಿ ಬಂದ್ಲಂತೆ? ದೊಡ್ಡ ಡಾಕ್ಟ್ರ ಪಕ್ಕದಲ್ಲೇ ಕೂತಿದ್ಲಂತೆ?"

"ಅಯ್ಯೋ, ಎಲ್ಲಿ ಬಂತು ಬಿಡಿ" ಎಂದಳು ನಮ್ಮವ್ವ. "ಅವರ ಪೆಟ್ಟಿಗೆ ಹೊರೋಕೆ ಒಬ್ರು ಬೇಕಿತ್ತಂತೆ, ಕರ್ಕೊಂಡ್ ಬಂದವ್ರೆ. ಎಷ್ಟು ಓದಿದ್ರೆ ಏನು, ಒಂದು ಸಾರು ಮಾಡೋಕೆ ಬರಲ್ಲ. ಇದೂ ಪಾಸಾಗ್ತಾಳೋ ಇಲ್ವೋ!"

ಎದುರು ಮನೆಯಾಕೆ ಹೋದದ್ದೇ ತಡ, ನಾನು ಅವ್ವನ ಮೇಲೆ ಹಾರಿಬಿದ್ದೆ. ಎರಡು ವರ್ಷ ಹಗಲೂ ರಾತ್ರಿ ಒದ್ದಾಡಿದ್ದೀನಿ, ಮೇಡಂ ನನ್ನನ್ನೇ ಆರಿಸಿ ಕರ್ಕೊಂಡು ಬಂದಿದ್ದಾರೆ, ನೀನು ನೋಡಿದ್ರೆ ಪೆಟ್ಟಿಗೆ ಹೊರೋಳು ಅಂತೀಯಾ? ಹೆತ್ತವಳೇನೇ ನೀನು?

ಅವ್ವ ಅವರೆಸಿಪ್ಪೆ ಬಾಚಿಕೊಳ್ಳುತ್ತ ಮುಖ ಕೂಡ ಎತ್ತಲಿಲ್ಲ. "ಲೇ ಪೆದ್ದಿ, ಆ ಹೆಂಗಸಿನ ಕಣ್ಣು ಎಂಥದ್ದು ಅಂತ ಗೊತ್ತೇನೇ? ಕಲ್ಲು ಕೂಡ ಒಡೀತದೆ. ಅವಳ ಮುಂದೆ ನನ್ನ ಮಗಳು ಹಿಂಗೆ, ನನ್ನ ಮಗಳು ಹಂಗೆ ಅಂತ ಮೆರೆಸ್ಲಾ? ನಿನ್ನ ಎಸ್ಸೆಲ್ಸಿ ರಿಸಲ್ಟ್ ಬಂದಾಗ್ಲೂ ಊರಿಗೆಲ್ಲ ಜಸ್ಟ್ ಪಾಸು ಅಂತಾನೇ ಹೇಳಿದ್ದೆ. ಯಾವ ತಾಯಿ ತಾನೇ ತನ್ನ ಮಗು ಜಾಣ ಅಂತ ಬಾಯ್ಬಿಟ್ಟು ಹೇಳ್ತಾಳೆ?"

ಯಾವ ತಾಯಿ ತಾನೇ ಹೇಳ್ತಾಳೆ? ಬೆಳಗ್ಗೆ ನನ್ನ ಮುಂದೆ ಒಬ್ಬಳು ಇಡೀ ಎರಡು ಪುಟ ಬರಲ್ಲ ಬರಲ್ಲ ಎಂದೇ ಹೇಳಿರಲಿಲ್ಲವೇ! ಮುಖ ಪರಿಚಯವೂ ಇಲ್ಲದವಳು ನಾನು, ಕೈಯಲ್ಲಿ ಪೆನ್ನು ಹಿಡಿದು, ನಿನ್ನ ಮಗಳಿಗೆ ಏನೇನು ಬರುತ್ತೆ, ಎಣಿಸಿ ಹೇಳು ಎಂದು ಕೂತರೆ ಅವಳು ಇನ್ನೇನು ಹೇಳುತ್ತಾಳೆ? ಥತ್! ನಮ್ಮ ಸೀಮೆ ನಮ್ಮ ಸೀಮೆ ಎಂದು ವ್ಯಾನಿನಲ್ಲಿ ಊದಿದ್ದೇನು, ಮಾಡಿದ್ದೇನು. ನಮ್ಮವ್ವ ಇಪ್ಪತ್ತೈದು ವರ್ಷ ನನ್ನ ಕಣ್ಣ ಮುಂದೆಯೇ ಮಾಡಿಕೊಂಡು ಬಂದದ್ದು ನನಗೆ ಹೊಳೆಯಲೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ.

ಮಾರನೆಯ ಬೆಳಗ್ಗೆ ಬಸ್ಸಿನಲ್ಲಿ ಪರೀಕ್ಷೆಯ ಹಾಳೆಗಳನ್ನು ತೊಡೆಯ ಮೇಲೆ ಹರಡಿಕೊಂಡು ಮತ್ತೆ ನೋಡಿದೆ. ಅಂಕ ಕೂಡುವುದನ್ನು ಬಿಟ್ಟು, ಒಂದೊಂದು ತಪ್ಪನ್ನೂ ನೋಡಿದೆ. ನಾನು ನಾಲ್ಕು ಏಳು ಎರಡು ಎಂದಿದ್ದೆ, ಅವಳು ನಾಲ್ಕು ಏಳು ಮೂರು ಎಂದಿದ್ದಳು. ಆರು ಒಂದು ಐದು ಎಂದರೆ ಆರು ಒಂದು ಆರು. ಪ್ರತಿ ಸಲವೂ ಕೊನೆಯ ಅಂಕಿ ಮಾತ್ರ, ಅದೂ ಒಂದೇ ಒಂದು ಹೆಚ್ಚು. ಬೆರಳು ಐದರ ಬದಲು ಆರು. ಮರದ ಹಲಗೆಯಲ್ಲಿ, ನಾನು ಹೊಗಳಿದ ಮೇಲೆ, ಒಂದು ಬಿಲ್ಲೆಯೂ ಅದರ ಗುಣಿಗೆ ಅಪ್ಪಿತಪ್ಪಿಯೂ ಬಿದ್ದಿರಲಿಲ್ಲ. ಎರಡು ವರ್ಷದ ಕೂಸು ಕೂಡ ಗುಂಡಗಿನದನ್ನು ಗುಂಡಗಿನ ಗುಣಿಗೆ ಹಾಕುತ್ತದೆ. ನಿಜವಾಗಿ ತಿಳಿಯದವರು ಹತ್ತು ಸಲ ಕೈ ಹಾಕಿದರೆ ಒಂದಾದರೂ ಸರಿ ಬೀಳುತ್ತದೆ. ಎಲ್ಲವನ್ನೂ ತಪ್ಪು ಮಾಡಬೇಕಾದರೆ ಎಲ್ಲವೂ ಗೊತ್ತಿರಬೇಕು. ಈ ಹುಡುಗಿಗೆ ಎಲ್ಲವೂ ಗೊತ್ತಿತ್ತು! ನಾನು ಜೋರಾಗಿ "ಅಯ್ಯಯ್ಯೋ" ಎಂದುಬಿಟ್ಟೆ. ಕಂಡಕ್ಟರು ತಿರುಗಿ, "ಏನಾಯ್ತಮ್ಮ, ಇಳೀಬೇಕಿತ್ತಾ?" ಎಂದ.

ಮೇಡಂ ಆಸ್ಪತ್ರೆಯ ಬಾವಿಕಟ್ಟೆಯ ಹತ್ತಿರ ಕಾಫಿ ಕುಡಿಯುತ್ತಿದ್ದರು. ಅಷ್ಟು ತಿಂಗಳು ಒಂದೂ ವಾಪಸ್ ಬರದ ನನ್ನ ವರದಿಗಳ ಮರ್ಯಾದೆಯನ್ನು ನಾನೇ ತೆಗೆಯಬೇಕಿತ್ತು.

"ಮೇಡಂ, ನಿನ್ನೆಯ ಹುಡುಗಿಯ ವರದಿ ತಪ್ಪು. ನಾನು ತಪ್ಪು ಮಾಡಿದ್ದೀನಿ. ಇನ್ನೊಂದು ಸಲ ಪರೀಕ್ಷೆ ಮಾಡಬೇಕು."

"ಒಂದೇ ದಿನದ ಅಂತರದಲ್ಲಾ? ಅಭ್ಯಾಸವಾಗಿ ಅಂಕ ಏರುತ್ತೆ. ಅದಕ್ಕೆ ಬೆಲೆ ಇಲ್ಲ, ನಿಮಗೆ ಗೊತ್ತು."

"ನಿನ್ನೆ ಅವಳು ತಪ್ಪು ಮಾಡೋದನ್ನ ಅಭ್ಯಾಸ ಮಾಡಿದ್ದಾಳೆ ಮೇಡಂ, ಸರಿ ಮಾಡೋದನ್ನಲ್ಲ" ಎಂದೆ. ದನಿ ಸ್ವಲ್ಪ ಏರಿತೋ ಏನೋ. ಹಾಳೆಗಳನ್ನು ಅವರ ಕೈಗೆ ಕೊಟ್ಟು ಅಂಕಿಗಳನ್ನು ತೋರಿಸಿದೆ. ಜಡೆಯ ಟೇಪಿನ ವಿಷಯವನ್ನೂ ಹೇಳಿದೆ. "ಅದನ್ನ ನೋಡಿದ್ದೆ ಮೇಡಂ. ಬರೀಲಿಲ್ಲ."

ಮೇಡಂ ಬಹಳ ಹೊತ್ತು ಹಾಳೆ ನೋಡಿದರು. ಕಾಫಿ ಆರಿಹೋಯಿತು. "ಮಾಡಿ. ನಾನೂ ಕೂರ್ತೀನಿ" ಎಂದರು.

ತಾಯಿ ಬಂದ ಮೇಲೆ ಅವಳೊಬ್ಬಳನ್ನೇ ಹೊರಗೆ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದೆ. ಪೆನ್ನು, ಹಾಳೆ ಏನೂ ಒಯ್ಯಲಿಲ್ಲ.

"ಅಕ್ಕಾ, ಇವಳಿಗಿಂತ ಮುಂಚೆ ಎಷ್ಟು ಮಕ್ಳು?"

ಅವಳು ಎರಡು ಬೆರಳು ತೋರಿಸಿದಳು. ಆಮೇಲೆ ನಿಧಾನವಾಗಿ ಹೇಳಿದಳು. ಗಂಡು ಮೂರು ವರ್ಷಕ್ಕೆ ಹೋಯಿತು, ಹೆಣ್ಣು ನಾಲ್ಕಕ್ಕೆ. "ಇಬ್ರೂವೆ ಚೂಟಿ ಅಮ್ಮಾವ್ರೆ. ನೋಡ್ದೋರೆಲ್ಲ ಹೊಗಳೋರು. ಹೊಗಳಿ ಹೊಗಳಿ ತಿಂದ್ಬಿಟ್ರು. ಅದ್ಕೆ ಇದು ಹುಟ್ಟಿದ ದಿನವೇ ತಿಪ್ಪೆ ಮೇಲೆ ಮಲಗಿಸ್ದೆ. ಪಕ್ಕದ ಮನೆಯೋಳು ಮೊರದಲ್ಲಿ ಎತ್ಕೊಂಡ್ಳು. ಅವಳಿಗೆ ತೌಡು ಕೊಟ್ಟು ಕೊಂಡ್ಕೊಂಡೆ. ಇದು ನನ್ನ ಮಗು ಅಲ್ಲ, ತಿಪ್ಪೇದು. ಯಾರ ಮುಂದೂ ಜಾಣೆ ಅಂತ ತೋರಿಸ್ಕೊಬ್ಯಾಡ ಕಣೇ ಅಂತ ದಿನಾ ಹೇಳಿಕೊಟ್ಟಿವ್ನಿ."

"ಕಾಗದ ಹೋದ್ರೆ ಇವಳನ್ನ ದೂರದ ಊರಿಗೆ ಹಾಕ್ತಾರೆ. ಗೊತ್ತಾ ಅಕ್ಕಾ?"

"ಗೊತ್ತು."

"ಮತ್ತೆ?"

ಅವಳು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. "ಅಲ್ಲಾದ್ರೂ ಬದುಕಿರ್ತಾಳಲ್ಲ, ಅಮ್ಮಾವ್ರೆ."

ಅತ್ತ ದರಿ, ಇತ್ತ ಪುಲಿ. ಮಗಳು ಜಾಣೆ ಎಂದರೆ ಸಾಯುತ್ತಾಳೆ, ದಡ್ಡಿ ಎಂದರೆ ಕೈಬಿಟ್ಟು ಹೋಗುತ್ತಾಳೆ. ಅವಳು ಯೋಚಿಸಿ, ದಡ್ಡಿಯಾಗಿ ಎಲ್ಲಾದರೂ ಬದುಕಿರಲಿ ಎಂದು ತೀರ್ಮಾನಿಸಿದ್ದಳು. ನಾನು ಅವಳನ್ನು ಮೂಢನಂಬಿಕೆಯವಳು ಎಂದು ಅಂಚಿನಲ್ಲಿ ಬರೆದಿದ್ದೆ. ನಾಚಿಕೆಯಾಯಿತು. ದೃಷ್ಟಿ ಗಿಷ್ಟಿ ಎಲ್ಲ ಸುಳ್ಳು ಎಂದು ಅವಳಿಗೆ ಪಾಠ ಮಾಡಬಹುದಿತ್ತು. ಎರಡು ಮಕ್ಕಳನ್ನು ಮಣ್ಣಿಗಿಟ್ಟವಳ ಮುಂದೆ ಆ ಪಾಠ ಮಾಡುವ ಮುಖ ನನಗಿರಲಿಲ್ಲ. "ಅಕ್ಕಾ, ನಾನು ಒಂದು ಸಲವೂ ಹೊಗಳಲ್ಲ. ನೀವು ಪಕ್ಕದಲ್ಲೇ ಕೂತಿರಿ" ಎಂದೆ.

ಒಳಗೆ ಬಂದು ಹಲಗೆ ಇಟ್ಟುಕೊಂಡು ಕೂತೆ. ಹುಡುಗಿ ಎಂದಿನಂತೆ ತಲೆ ತಗ್ಗಿಸಿ ನಿಂತಿದ್ದಳು. ಮೇಡಂ ಮೂಲೆಯ ಕುರ್ಚಿಯಲ್ಲಿ, ಪೆನ್ನು ಸಿದ್ಧವಾಗಿಟ್ಟುಕೊಂಡು. ನಾನು ಗಂಟಲು ಸರಿಮಾಡಿಕೊಂಡು, ನಮ್ಮವ್ವನ ದನಿಯಲ್ಲಿ ಶುರು ಮಾಡಿದೆ.

"ಲೇ ಕತ್ತೆ, ಬಾ ಇಲ್ಲಿ. ನಿನ್ನೆ ಎಲ್ಲ ಕೆಡಿಸಿಟ್ಟೆ. ಇವತ್ತೂ ನಿಂಗೇನೂ ಬರಲ್ಲ ಬಿಡು. ತಿಪ್ಪೆ ಮೇಲಿನ್ದಕ್ಕೆ ಏನ್ ಬಂದಾತು?"

ಮೇಡಂ ಕೈಯಲ್ಲಿದ್ದ ಪೆನ್ನು ನಿಂತಿತು. ಹುಡುಗಿ ತಲೆಯೆತ್ತಿ ಮೊದಲ ಸಲ ನನ್ನ ಮುಖ ನೋಡಿದಳು. ಆಮೇಲೆ ತಾಯಿಯ ಮುಖ ನೋಡಿದಳು. ತಾಯಿ ನನ್ನನ್ನೊಮ್ಮೆ ಅಳೆದು ನೋಡಿ, "ಹೂಂ ಕಣ್ರಮ್ಮಾ, ಏನೂ ಬರಲ್ಲ. ಮಾಡೇ, ಮಾಡಿ ಸೋತು ತೋರ್ಸು ಅವರಿಗೆ" ಎಂದಳು.

ಅಷ್ಟು ಸಾಕಾಯಿತು. ನಾನು ಸ್ಟಾಪ್‌ವಾಚ್ ಒತ್ತಿದ್ದಷ್ಟೇ ಗೊತ್ತು. ಹತ್ತು ಬಿಲ್ಲೆಗಳೂ ತಮ್ಮ ತಮ್ಮ ಗುಣಿಯಲ್ಲಿ ಕೂತಿದ್ದವು.

"ಥೂ, ಇದೂ ಒಂದು ಕೆಲ್ಸವಾ? ನಮ್ಮನೆ ಕೋಳಿ ಮಾಡ್ತದೆ ಇದನ್ನ. ಈ ಅಂಕಿ ಹೇಳು ನೋಡೋಣ. ಎಲ್ ಹೇಳ್ತೀಯ, ದಂಡಪಿಂಡ!"

ಹೇಳಿದಳು. ಮೂರಂಕಿ, ನಾಲ್ಕಂಕಿ, ಐದಂಕಿ, ಆರಂಕಿ. ಹಿಂದುಮುಂದಾಗಿ ಹೇಳು ಎಂದರೆ ಅದನ್ನೂ ಹೇಳಿದಳು. ಬಣ್ಣದ ಘನಗಳನ್ನು ಕೊಟ್ಟು ಚಿತ್ರದಲ್ಲಿರುವ ಹಾಗೆ ಜೋಡಿಸು, ನಿನ್ನ ಕೈಲಿ ಆಗಲ್ಲ ಎಂದೆ. ಜೋಡಿಸಿ ಇಟ್ಟು ಕಿಸಕ್ಕನೆ ನಕ್ಕಳು. "ನಗ್ತೀಯಾ ಮಂಗ! ಸೊಟ್ಟಗಿದೆ ನೋಡು" ಎಂದೆ. ಸೊಟ್ಟಗಿರಲಿಲ್ಲ. ತಾಯಿಗೂ ಹುರುಪು ಬಂತು. "ಬಯ್ರಿ ಅಮ್ಮಾವ್ರೆ, ಇನ್ನೂ ಬಯ್ರಿ, ಇದಕ್ಕೆ ಎಷ್ಟ್ ಬೈದ್ರೂ ಕಮ್ಮಿ" ಎನ್ನುತ್ತ ಬೆಂಚಿನ ತುದಿಗೇ ಬಂದಿದ್ದಳು. ಕಣ್ಣಿನಲ್ಲಿ ನೀರು, ಬಾಯಲ್ಲಿ ಬೈಗುಳ. ಹುಡುಗಿ ಒಂದೊಂದು ಸರಿ ಮಾಡಿದಾಗಲೂ ನಾವಿಬ್ಬರೂ ಸೇರಿ ಅವಳಿಗೆ ಉಗಿಯುತ್ತಿದ್ದೆವು. ಗದ್ದಲ ಕೇಳಿ ಆಸ್ಪತ್ರೆಯ ಕಾಂಪೌಂಡರು ಬಾಗಿಲಲ್ಲಿ ಇಣುಕಿ, "ಯಾಕಮ್ಮಾ, ಎಳೇ ಮಗೂಗೆ ಹಂಗೆ ಬೈತಿದೀರಿ? ಏನ್ ಮಾಡ್ತು ಪಾಪ?" ಎಂದರು. ಮೇಡಂ ಕೈಸನ್ನೆ ಮಾಡಿ ಅವರನ್ನು ಆಚೆ ಕಳಿಸಿದರು.

ಮುಗಿದಾಗ ನನ್ನ ಗಂಟಲು ಕಟ್ಟಿಹೋಗಿತ್ತು. ತಾಯಿ ಮಗಳನ್ನು ಹೊರಗೆ ಕೂರಿಸಿ ಅಂಕ ಕೂಡಿದೆ. ಎರಡು ಸಲ ಕೂಡಿದೆ. ಅವಳ ವಯಸ್ಸಿನ ಮಕ್ಕಳು ಮಾಡಬೇಕಾದದ್ದಕ್ಕಿಂತ ಹೆಚ್ಚೇ ಮಾಡಿದ್ದಳು. ಮೇಡಂ ಮುಂದೆ ಇಟ್ಟೆ.

"ಪುಸ್ತಕದಲ್ಲಿ ಮಗುವಿಗೆ ಪ್ರೋತ್ಸಾಹ ಕೊಡಿ ಅಂತಿದೆ" ಎಂದರು ಮೇಡಂ. "ನೀವು ಕೊಟ್ಟದ್ದು ಏನು?"

"ಪ್ರೋತ್ಸಾಹವೇ, ಮೇಡಂ. ನಮ್ಮ ಕಡೆಯದು."

ಮೇಡಂ ನಕ್ಕುಬಿಟ್ಟರು. ಎರಡು ವರ್ಷದಲ್ಲಿ ಅವರು ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪರೀಕ್ಷೆ ಹೇಗೆ ನಡೆಯಿತು, ಯಾಕೆ ಹಾಗೆ ನಡೆಸಿದೆ, ಏನೇನು ಬೈದೆ, ಒಂದನ್ನೂ ಮುಚ್ಚದೆ ಬರೆಯಿರಿ ಎಂದರು. ಆಮೇಲೆ ಫೈಲಿನಿಂದ ಹಳೆಯ ವರದಿಯನ್ನು ತೆಗೆದು ನನ್ನ ಕೈಗೆ ಕೊಟ್ಟು, "ನನ್ನ ಸಹಿಯೂ ಇದೆ ಇದರಲ್ಲಿ. ಇಬ್ಬರದ್ದೂ ಸೇರಿಸಿ ಹರೀರಿ" ಎಂದರು. ಹರಿದೆ. ಆ ಹಾಳೆ ಹರಿಯುವಾಗ ನನಗೆ ಆದ ಹೆಮ್ಮೆ ಮುಂದೆ ಪದವಿಯ ಕಾಗದ ಕೈಗೆ ಬಂದಾಗಲೂ ಆಗಲಿಲ್ಲ. ಅಮ್ಮನ ಮಡಿಲಲ್ಲಿ ಒಂದು ಮಗು ಉಳಿಯಿತಲ್ಲ, ನನ್ನ ಕೈಯಿಂದ, ನಮ್ಮೂರಿನ ಬೈಗುಳದಿಂದ! ಕೋಣೆಯಲ್ಲಿ ಯಾರೂ ಇಲ್ಲದಿದ್ದರೆ ಕುಣಿದುಬಿಡುತ್ತಿದ್ದೆ.

ನಮ್ಮ ವರದಿಗಳೆಲ್ಲ ಇಂಗ್ಲಿಷಿನಲ್ಲಿ. ಮೇಷ್ಟರಿಗೆ ಮಾತ್ರ ನಾನು ಕನ್ನಡದಲ್ಲೇ ಒಂದು ಪತ್ರ ಬರೆಯುತ್ತೇನೆ ಎಂದೆ, ಮೇಡಂ ಒಪ್ಪಿದರು. ಈ ಹುಡುಗಿಯ ಬುದ್ಧಿಗೆ ಯಾವ ಕೊರತೆಯೂ ಇಲ್ಲ, ಬಹಳ ಚುರುಕು, ಇವಳನ್ನು ನಿಮ್ಮ ಶಾಲೆಯಲ್ಲೇ ಉಳಿಸಿಕೊಳ್ಳಿ. ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಬೇಡಿ, ನಾಲ್ಕು ಜನರ ಮುಂದೆ ಹೊಗಳಬೇಡಿ. ಸ್ಲೇಟಿನ ಮೇಲೆ ಬರೆಸಿ, ನೀವೊಬ್ಬರೇ ನೋಡಿ. ತಾಯಿ ಮಗಳ ಬಗ್ಗೆ ಏನೇ ಹೇಳಿದರೂ ಹೂಂ ಎಂದುಬಿಡಿ. ಇಷ್ಟು ಬರೆದು, ಮೇಡಂ ಸಹಿ ಹಾಕಿಸಿ, ಮಡಚಿ ತಾಯಿಯ ಕೈಗೆ ಕೊಟ್ಟೆ. ಮುಂದಿನ ಶಿಬಿರಕ್ಕೆ ಮೇಷ್ಟರಿಂದ ಎರಡು ಸಾಲಿನ ಉತ್ತರ ಬಂತು, ಹುಡುಗಿ ಶಾಲೆಯಲ್ಲೇ ಇದ್ದಾಳೆ, ಬರೆಯುತ್ತಿದ್ದಾಳೆ ಎಂದು. ಒಳ್ಳೆಯ ಮನುಷ್ಯರು, ನಡೆಸಿಕೊಟ್ಟರು.

ಆದರೆ ಆವತ್ತಿನ ಮಾತು ಇನ್ನೂ ಸ್ವಲ್ಪ ಇದೆ. ಅಜ್ಜಂಪುರದ ಬಸ್ಸಿಗೆ ಹೊತ್ತಾಗಿತ್ತು. ನಾನೂ ಬಸ್ ಸ್ಟ್ಯಾಂಡಿನವರೆಗೆ ಅವರ ಜೊತೆ ಹೋದೆ. ಬಸ್ಸು ಹತ್ತುವ ಮುಂಚೆ ತಾಯಿ ಥಟ್ಟನೆ ನಿಂತಳು. ಕಾಗದವನ್ನು ಕ್ಷಣ ಹೊತ್ತು ಹಿಂದೆ ಮುಂದೆ ತಿರುಗಿಸಿದಳು. ಅವಳಿಗೆ ಓದು ಬರಹ ಇರಲಿಲ್ಲ. ಮುಖ ಸಣ್ಣದಾಗಿತ್ತು.

"ಇದ್ರಲ್ಲಿ ಏನ್ ಬರ್ದಿದೀರಿ ಅಮ್ಮಾವ್ರೆ?"

ಏನು ಹೇಳಲಿ? ಇದ್ದದ್ದನ್ನು ಹೇಳಿದರೆ ಆ ಕಾಗದ ದಾರಿಯಲ್ಲಿ ಯಾವ ಹಳ್ಳಕ್ಕೆ ಬೀಳುತ್ತಿತ್ತೋ. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ತಡವರಿಸುತ್ತಿರುವಾಗಲೇ ಹುಡುಗಿ ತಾಯಿಯ ಕೈಯಿಂದ ಕಾಗದ ತೆಗೆದುಕೊಂಡು ಬಿಚ್ಚಿದಳು. ಕನ್ನಡದಲ್ಲಿ ಬರೆದದ್ದು ನಾನೇ ಅಲ್ಲವೇ! ಅವಳು ತುಟಿ ಅಲುಗಿಸುತ್ತ, ಒಂದೊಂದೇ ಸಾಲಿನ ಕೆಳಗೆ ಬೆರಳು ಸರಿಸುತ್ತ ಕೊನೆಯವರೆಗೆ ಓದಿದಳು. ಓದಿ ಮುಗಿಸಿ ನನ್ನ ಮುಖ ನೋಡಿದಳು. ಮತ್ತೆ ಮೊದಲಿನ ಹಾಗೆಯೇ ಮಡಚಿದಳು.

"ಏನಂತೇ?" ಎಂದಳು ತಾಯಿ.

"ಏನಿಲ್ಲ ಕಣವ್ವ" ಎಂದಳು ಹುಡುಗಿ. "ನಂಗೆ ಏನೂ ಬರಲ್ಲ ಅಂತ ಬರ್ದವ್ರೆ. ಅದ್ಕೇ ದಿನಾ ನಮ್ಮೂರ ಇಸ್ಕೂಲಿಗೇ ಕಳಿಸ್ಬೇಕಂತೆ."

ತಾಯಿಯ ಮುಖ ಸಡಿಲಾಯಿತು. ಕಾಗದವನ್ನು ಇಸಿದುಕೊಂಡು, ಕಣ್ಣಿಗೊತ್ತಿ, ಕುಪ್ಪಸದೊಳಗೆ ಭದ್ರವಾಗಿ ಇಟ್ಟುಕೊಂಡಳು. ಹುಡುಗಿ ತಾಯಿಯ ಬೆನ್ನ ಹಿಂದಿನಿಂದ ನನ್ನನ್ನು ನೋಡುತ್ತಲೇ ಇದ್ದಳು. ಅಪ್ಪಿಕೊಂಡು, ಭೇಷ್ ಮಗಳೇ, ಎಷ್ಟು ಜಾಣೆ ನೀನು ಎಂದು ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗಬೇಕೆನ್ನಿಸಿತು ನನಗೆ. ಮಾತು ತುದಿನಾಲಿಗೆಯವರೆಗೆ ಬಂದಿತ್ತು. ನುಂಗಿಕೊಂಡೆ.

"ಏನ್ ಹಂಗ್ ನೋಡ್ತೀಯ, ಕತ್ತೆ" ಎಂದೆ. "ಹತ್ತು ಬೇಗ, ಬಸ್ಸು ಹೊರಡ್ತು."